ದ್ವಿತೀಯ ಭಾಷೆ: ನೂರು ಅಂಕದ ಲೆಕ್ಕ

ನಾನು ಎ ಬಿ ಸಿ ಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ದುಬೈಯಲ್ಲಿ ಹುಟ್ಟಿ ಬೆಳೆದ ನನ್ನ ಮಗಳು ಇದನ್ನು ಬಹಳ ದಿನ ನಂಬಿರಲಿಲ್ಲ. ಒಂದು ಚಳಿಗಾಲದಲ್ಲಿ ಅವಳನ್ನು ದೇರಾದ ಹಳೆಯ ಪೇಟೆಯಲ್ಲಿರುವ ಅಲ್ ಅಹ್ಮದಿಯಾ ಶಾಲೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಮುತ್ತಿನ ವ್ಯಾಪಾರಿಯೊಬ್ಬರ ಹಣದಿಂದ 1912ರಲ್ಲಿ ಶುರುವಾದ ಶಾಲೆ ಅದು, ಈಗ ಮ್ಯೂಸಿಯಂ. ಮೊದಲ ದಿನಗಳಲ್ಲಿ ಅಲ್ಲಿ ಕುರಾನ್, ಅರೇಬಿಕ್ ಬರವಣಿಗೆ, ಲೆಕ್ಕ ಕಲಿಸುತ್ತಿದ್ದರು. ಇಂಗ್ಲಿಷ್ ಬಂದದ್ದು ದಶಕಗಳ ನಂತರ. ಇದನ್ನು ಹೇಳಿದಾಗ ಮಗಳಿಗೆ ಹಳೆಯ ಮಾತು ನೆನಪಾಯಿತು. "ಹಾಗಾದರೆ ನೀವು ನಾಲ್ಕನೇ ಕ್ಲಾಸಿನ ತನಕ ಏನು ಓದ್ತಾ ಇದ್ರಿ ಅಪ್ಪ?" ಎಂದು ಕೇಳಿದಳು. "ಎಲ್ಲವನ್ನೂ ಓದುತ್ತಿದ್ದೆವು, ಕನ್ನಡದಲ್ಲಿ" ಎಂದೆ. ಅವಳು ನಕ್ಕಳು.

ಮಗಳಿಗೆ ಕೊಟ್ಟ ಉತ್ತರ ಚಿಕ್ಕದು. ಪೂರ್ತಿ ಉತ್ತರ ಬರೆಯಬೇಕು ಅನ್ನಿಸಿದ್ದು ಆಮೇಲೆ. ನಾನು ಲೆಕ್ಕಪತ್ರದವನು, ಇತಿಹಾಸಕಾರನಲ್ಲ. ಆದರೆ ನಮ್ಮ ವೃತ್ತಿಯಲ್ಲಿ ಒಂದು ಅಭ್ಯಾಸವಿದೆ. ಈ ವರ್ಷದ ಆರಂಭದ ಶಿಲ್ಕು ಎಲ್ಲಿಂದ ಬಂತೆಂದು ತಿಳಿಯಲು ಹಿಂದಿನ ವರ್ಷದ ಪುಸ್ತಕ ತೆರೆಯುತ್ತೇವೆ. ನಮ್ಮ ಹೈಸ್ಕೂಲಿನ ಇಂಗ್ಲಿಷಿಗೂ ಹಿಂದಿನ ಪುಸ್ತಕಗಳಿವೆ.

ಮೊದಲು ನನ್ನ ಪುಟ. ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹಾಗೆ ನೋಡಿದರೆ ನಮಗೆ ಎರಡನೇ ಭಾಷೆ ಕನ್ನಡವೇ. ಆದರೆ ಸರಕಾರದ ಲೆಕ್ಕದಲ್ಲಿ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ, ಹಿಂದಿ ತೃತೀಯ. ಆಗ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100. ಒಟ್ಟು 625. ಪ್ರತಿ ವಿಷಯದಲ್ಲೂ ನೂರಕ್ಕೆ 35 ಬಂದರೆ ಆಗ ಪಾಸು.

ಇಂಗ್ಲಿಷ್ ಪೀರಿಯಡ್ ನಡೆಯುತ್ತಿದ್ದದ್ದು ಹೀಗೆ. ಮಾಸ್ಟ್ರು ಪಾಠದ ಒಂದು ಸಾಲು ಓದುವರು, ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವರು. ನಾವು ಕಷ್ಟದ ಪದದ ನೆತ್ತಿಯ ಮೇಲೆ ಪೆನ್ಸಿಲಿನಿಂದ ಕನ್ನಡ ಅರ್ಥ ಬರೆದುಕೊಳ್ಳುವೆವು. ಪಾಠ ಮುಗಿದ ಮೇಲೆ ಪ್ರಶ್ನೋತ್ತರ ಬೋರ್ಡಿನ ಮೇಲೆ ಬರುತ್ತಿತ್ತು, ಅದನ್ನು ನೋಟ್ಸಿಗೆ ಇಳಿಸಿ ಬಾಯಿಪಾಠ ಮಾಡುವೆವು. ಕರ್ತರಿಯನ್ನು ಕರ್ಮಣಿಗೆ ತಿರುಗಿಸುವುದು, ಒಬ್ಬರು ಆಡಿದ ಮಾತನ್ನು ವರದಿಯ ವಾಕ್ಯವಾಗಿ ಬರೆಯುವುದು, ಹೆಡ್‌ಮಾಸ್ಟ್ರಿಗೆ ರಜೆ ಅರ್ಜಿ ಬರೆಯುವುದು, ಇವೆಲ್ಲ ನಮಗೆ ನಿದ್ದೆಯಲ್ಲೂ ಬರುತ್ತಿತ್ತು. ನಿಜವಾಗಿ ರಜೆ ಬೇಕಾದಾಗ ಮಾತ್ರ ಅವರ ಹತ್ತಿರ ಹೋಗಿ ತುಳುವಿನಲ್ಲಿ ಕೇಳುತ್ತಿದ್ದೆವು. ಎಂಟರಿಂದ ಹತ್ತರ ತನಕದ ಮೂರು ವರ್ಷದಲ್ಲಿ, ಬಾಗಿಲಲ್ಲಿ ನಿಂತು 'ಮೇ ಐ ಕಮ್ ಇನ್ ಸರ್' ಎನ್ನುವುದನ್ನು ಬಿಟ್ಟರೆ ಸ್ವಂತದ್ದೊಂದು ಇಂಗ್ಲಿಷ್ ವಾಕ್ಯವನ್ನು ನಾನು ಬಾಯಿಬಿಟ್ಟು ಆಡಿದ ನೆನಪಿಲ್ಲ.

ನಮ್ಮ ಮಾಸ್ಟ್ರನ್ನು ದೂರುವ ಉದ್ದೇಶ ನನಗಿಲ್ಲ. ಅವರು ಸಂಜೆ ಐದರ ಮೇಲೂ ಕೂತು ನಮಗೆ ವ್ಯಾಕರಣ ಹೇಳಿಕೊಟ್ಟವರು. ಅವರ ಮೇಜಿನ ಮೇಲೆ ರೆನ್ ಮತ್ತು ಮಾರ್ಟಿನ್ ಅವರ ದಪ್ಪ ವ್ಯಾಕರಣ ಪುಸ್ತಕ ಇರುತ್ತಿತ್ತು. ಅದು 1930ರ ದಶಕದ್ದು. ಬರೆದ ಇಬ್ಬರಲ್ಲಿ ಪಿ. ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು, 'ಬ್ಯೂ ಜೆಸ್ಟ್' ಎಂಬ ಸಾಹಸ ಕಾದಂಬರಿಯನ್ನೂ ಬರೆದವರು. ಅರವತ್ತು ವರ್ಷ ಕಳೆದರೂ ನಮ್ಮ ಹಳ್ಳಿಯ ಇಂಗ್ಲಿಷಿಗೆ ಆ ಪುಸ್ತಕವೇ ಪ್ರಮಾಣ.

ಈಗ ಅಕ್ಕನ ಪುಟ. ನನಗಿಂತ ಮೂರು ವರ್ಷ ದೊಡ್ಡವಳು. 1993ರಲ್ಲಿ ಎಸ್ಸೆಸ್ಸೆಲ್ಸಿಗೆ ಕೂತಳು. ಕನ್ನಡದಲ್ಲಿ ನೂರರ ಮೇಲೆ, ಗಣಿತದಲ್ಲಿ 60 ದಾಟಿ, ಇಂಗ್ಲಿಷಿನಲ್ಲಿ 27. ಅಂದರೆ ಎಂಟು ಅಂಕ ಕಡಿಮೆ. ಮತ್ತೆರಡು ಸಲ ಇಂಗ್ಲಿಷ್ ಒಂದನ್ನೇ ಕಟ್ಟಿದಳು. ಎರಡನೇ ಸಲ 33 ಬಂತು. ಆಮೇಲೆ ಹಾಲ್ ಟಿಕೆಟನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಅಮ್ಮನ ಪಕ್ಕದಲ್ಲಿ ಕೂತು ಬೀಡಿ ಕಟ್ಟತೊಡಗಿದಳು. ನಮ್ಮ ಕಡೆ ಆಗ ಮನೆಮನೆಯಲ್ಲೂ ಅದೇ ಕಸುಬು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಕಟ್ಟಿದ ಬೀಡಿ ಕೊಟ್ಟು ಸಾವಿರಕ್ಕೆ ಇಷ್ಟೆಂದು ಮಜೂರಿ ಪಡೆಯುವುದು. ಆ ಮಜೂರಿಯಲ್ಲಿ ನನ್ನ ಪಿಯುಸಿ ಫೀಸು, ಬಿಕಾಂ ಬಸ್ ಪಾಸು, ಸಿಎ ಪರೀಕ್ಷೆಯ ಅರ್ಜಿಯ ಹಣ ಎಲ್ಲ ಸೇರಿವೆ. ಎಂಟು ಅಂಕದ ಆಚೆಗೆ ಅಕ್ಕ ಉಳಿದಳು, ಈಚೆಗೆ ನಾನು ಬಂದೆ. 1996ರಲ್ಲಿ ನನಗೆ ಇಂಗ್ಲಿಷಿನಲ್ಲಿ ಬಂದದ್ದು 61. ನನಗೆ ಅವಳಿಗಿಂತ ಹೆಚ್ಚು ಇಂಗ್ಲಿಷ್ ಬರುತ್ತಿತ್ತೆಂದು ಅಲ್ಲ, ಬಾಯಿಪಾಠ ಚೆನ್ನಾಗಿತ್ತು.

ಒಂದು ಭಾಷೆಯ ಪಾಠ ಹೀಗೆ ಜರಡಿ ಆದದ್ದು ಯಾವಾಗ? ಇಲ್ಲಿಂದ ಹಿಂದಿನ ಪುಸ್ತಕ.

1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು, ಸರಕಾರದ ಶಿಕ್ಷಣದ ಹಣ ಇಂಗ್ಲಿಷಿನ ಕಡೆ ಹರಿಯಿತು. ಎಲ್ಲರೂ ಹೇಳುವುದು ಅದನ್ನೇ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 1844. ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರಕಾರಿ ನೌಕರಿಯಲ್ಲಿ ಆದ್ಯತೆ ಎಂದು ಗವರ್ನರ್ ಜನರಲ್ ಹಾರ್ಡಿಂಜ್ ಪ್ರಕಟಿಸಿದ್ದು ಆ ವರ್ಷ. ಅಲ್ಲಿಗೆ ಇಂಗ್ಲಿಷ್ ಕಲಿಯಲು ಎಲ್ಲರಿಗೂ ಅರ್ಥವಾಗುವ ಒಂದು ಕಾರಣ ಹುಟ್ಟಿತು: ಸಂಬಳ. 1854ರ ವುಡ್ ಅವರ ನಿರೂಪ ಕೆಳಗಿನ ತರಗತಿಗಳಿಗೆ ದೇಶಭಾಷೆ, ಮೇಲಿನದಕ್ಕೆ ಇಂಗ್ಲಿಷ್ ಎಂದು ಹಂಚಿಕೆ ಮಾಡಿತು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿ, ಮೆಟ್ರಿಕ್ಯುಲೇಶನ್ ಎಂಬ ಪರೀಕ್ಷೆ ಬಂತು. ಹೈಸ್ಕೂಲು ಎಂದರೆ ಆ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಜಾಗ ಎಂದಾಯಿತು.

ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತದಲ್ಲಿತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಎರಡು ವರ್ಷದಲ್ಲಿ ಕನ್ನಡ ಶಾಲೆ ತೆರೆದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಅವರ ಕೈಯಿಂದಲೇ. ಆದರೆ ಊರಿನ ಅನುಕೂಲಸ್ಥರಿಗೆ ಬೇಕಾದದ್ದು ಮೆಟ್ರಿಕ್ಯುಲೇಶನ್. 1868ರಲ್ಲಿ ಸರಕಾರದ ಪ್ರಾವಿನ್ಶಿಯಲ್ ಶಾಲೆ ಬಂತು. 1880ರಲ್ಲಿ ಜೆಸುಯಿಟ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜು ತೆರೆದರು. 1891ರಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಹೈಸ್ಕೂಲು ಸ್ಥಾಪಿಸಿದರು, ಕೆಲವೇ ವರ್ಷಗಳಲ್ಲಿ ಹುಡುಗಿಯರಿಗೂ ಒಂದು ಶಾಲೆ ತೆರೆದರು. ಇದೇ ಪೈಗಳು 1906ರಲ್ಲಿ ಶುರು ಮಾಡಿದ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. ಮೊದಲು ಶಾಲೆ, ಹದಿನೈದು ವರ್ಷದ ಮೇಲೆ ಬ್ಯಾಂಕು. ಲೆಕ್ಕದವನಾದ ನನಗೆ ಈ ಅನುಕ್ರಮ ತುಂಬ ಹಿಡಿಸುತ್ತದೆ. ಬ್ಯಾಂಕಿಗೆ ಲೆಡ್ಜರ್ ಬರೆಯುವ ಕೈಗಳು ಬೇಕು, ಆ ಕೈಗಳನ್ನು ಕೊಡುವುದು ಹೈಸ್ಕೂಲು.

ಉಳಿದ ಕನ್ನಡ ಸೀಮೆಗಳ ಕತೆ ಬೇರೆ ಬೇರೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲೇ, ಎಂದರೆ ಮೆಕಾಲೆಗೂ ಮೊದಲೇ, ಇಂಗ್ಲಿಷ್ ಕಲಿಸುವ ಶಾಲೆ ತೆರೆದಿದ್ದರು. ನಿಜಾಮರ ಆಳ್ವಿಕೆಯ ಕಲಬುರಗಿ, ಬೀದರ, ರಾಯಚೂರುಗಳಲ್ಲಿ ಹೈಸ್ಕೂಲಿನ ಮಾಧ್ಯಮ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಉರ್ದುವೇ ಮಾಧ್ಯಮ, ಇಂಗ್ಲಿಷ್ ಕಡ್ಡಾಯ ವಿಷಯ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳು ಮುಂಬಯಿಗೆ ಸೇರಿದ್ದವು. ಸ್ವಾತಂತ್ರ್ಯದ ನಂತರ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೇ ತರಗತಿಗೆ ತಳ್ಳಿತು. ಅಂದರೆ ಒಂದು ತಲೆಮಾರಿನ ಅಲ್ಲಿನ ಮಕ್ಕಳು ಇಂಗ್ಲಿಷನ್ನು ಆರಂಭಿಸಿದ್ದೂ ಮುಗಿಸಿದ್ದೂ ಹೈಸ್ಕೂಲಿನಲ್ಲೇ. 1956ರಲ್ಲಿ ರಾಜ್ಯ ಒಂದಾದಾಗ ಈ ಎಲ್ಲ ಪದ್ಧತಿಗಳನ್ನೂ ಒಂದೇ ಪಠ್ಯಕ್ರಮಕ್ಕೆ ತರಬೇಕಾಯಿತು.

ಮುಂಬಯಿಯದ್ದೇ ಇನ್ನೊಂದು ಕತೆಯಿದೆ. ನನ್ನ ದೊಡ್ಡಪ್ಪ ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಅಲ್ಲಿನ ಹೋಟೆಲು ಸೇರಿದವರು. ಹಗಲು ಟೇಬಲ್ ಒರೆಸುವುದು, ಸಂಜೆ ಏಳಕ್ಕೆ ಕನ್ನಡಿಗರ ರಾತ್ರಿ ಹೈಸ್ಕೂಲು. ತುಳುನಾಡಿನ ಎಷ್ಟೋ ಹೋಟೆಲು ಹುಡುಗರು ಅಂಥ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕು, ಕಚೇರಿ ಸೇರಿದರು. ದೊಡ್ಡಪ್ಪನಿಗೂ ಇಂಗ್ಲಿಷ್ ಪೇಪರೇ ಕಂಟಕ. ಮೂರನೇ ಸಲಕ್ಕೆ ಪಾಸಾದರು, ಟೈಪಿಂಗ್ ಕಲಿತರು, ಗುಮಾಸ್ತರಾದರು. ಆ ಕಾಲದಲ್ಲಿ ಕೊಲ್ಲಿಗೆ ಬಂದ ನಮ್ಮವರಲ್ಲಿ ಹಲವರ ಬಂಡವಾಳ ಇಷ್ಟೇ: ಹತ್ತನೆಯ ತರಗತಿಯ ಇಂಗ್ಲಿಷ್ ಮತ್ತು ಟೈಪಿಂಗ್ ಸರ್ಟಿಫಿಕೇಟು. ದುಬೈಯಲ್ಲಿ 1966ರ ತನಕ ಚಲಾವಣೆಯಲ್ಲಿದ್ದದ್ದು ರೂಪಾಯಿ. ಇಲ್ಲಿನ ಇಂಡಿಯನ್ ಹೈಸ್ಕೂಲು ಶುರುವಾದದ್ದು 1961ರಲ್ಲಿ, ಯುಎಇ ಎಂಬ ದೇಶ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು.

ಒಟ್ಟು ಲೆಕ್ಕ ನೋಡಿದರೆ ನೂರು ವರ್ಷಕ್ಕೂ ಮೀರಿ ನಮ್ಮ ಹೈಸ್ಕೂಲುಗಳು ಕಲಿಸಿದ್ದು ಕಡತದ ಇಂಗ್ಲಿಷ್. ಓದಬೇಕು, ನಕಲು ಮಾಡಬೇಕು, ಅರ್ಜಿ ಬರೆಯಬೇಕು. ಗುಮಾಸ್ತನಿಂದ ಸಾಹೇಬರು ಮಾತು ನಿರೀಕ್ಷಿಸಿರಲಿಲ್ಲ. ಪರೀಕ್ಷೆಯೂ ಕೇಳಲಿಲ್ಲ. ಪರೀಕ್ಷೆ ಕೇಳದ್ದನ್ನು ಮಾಸ್ಟ್ರು ಯಾಕೆ ಕಲಿಸಬೇಕು?

ಸ್ವಾತಂತ್ರ್ಯದ ನಂತರ ಯಾರೂ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದು 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಸಂಸ್ಥೆ ಶುರುವಾದವು. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಮಕ್ಕಳಿಂದ ಹೇಳಿಸಿ ಹೇಳಿಸಿ ರೂಢಿ ಮಾಡಿಸುವ ಪದ್ಧತಿ ಬಂತು. ಮಕ್ಕಳಿಗೆ ಅಚ್ಚು ಬಂತು, ಆದರೆ ಬೇಕಾದಾಗ ಮಾತು ಬರಲಿಲ್ಲ.

ಆಗ ನಮ್ಮ ಪಕ್ಕದಲ್ಲೇ ಒಂದು ಪ್ರಯೋಗ ನಡೆಯಿತು. ಎನ್. ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರ ತನಕ ಬೆಂಗಳೂರು, ಮದರಾಸು ಮೊದಲಾದ ಕಡೆಯ ಕೆಲವೇ ಸಾಮಾನ್ಯ ಶಾಲೆಗಳಲ್ಲಿ ಅದನ್ನು ನಡೆಸಿದರು. ವ್ಯಾಕರಣ ಪಾಠವಿಲ್ಲ, ಅಚ್ಚಿನ ವಾಕ್ಯವಿಲ್ಲ. ಮಕ್ಕಳ ಮುಂದೆ ಒಂದು ರೈಲ್ವೆ ವೇಳಾಪಟ್ಟಿ ಇಟ್ಟು, ಯಾವ ರೈಲು ಹತ್ತಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದು ಎಂದು ಇಂಗ್ಲಿಷಿನಲ್ಲಿ ಕೇಳುವುದು. ಒಂದು ನಕ್ಷೆ ಕೊಟ್ಟು ದಾರಿ ಹುಡುಕಿಸುವುದು. ಮಗು ಲೆಕ್ಕ ಬಿಡಿಸುವುದರಲ್ಲಿ ಮುಳುಗಿರುವಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರು ಇದನ್ನು ಪುಸ್ತಕವಾಗಿ ಬರೆದರು. ಇಂದು ಜಗತ್ತಿನಲ್ಲಿ ಇಂಗ್ಲಿಷ್ ಕಲಿಸಲು ತರಬೇತಿ ಪಡೆಯುವವರಿಗೆ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂಬ ಹೆಸರು ಗೊತ್ತು. ನನಗೆ ಇದನ್ನು ಮೊದಲು ಹೇಳಿದ್ದು ಇಲ್ಲಿ ಶಾರ್ಜಾದಲ್ಲಿ ಇಂಗ್ಲಿಷ್ ಕಲಿಸುವ ಒಬ್ಬ ಐರಿಶ್ ಸ್ನೇಹಿತ. "ನೀನು ಬೆಂಗಳೂರಿನ ರಾಜ್ಯದವನಲ್ಲವೇ, ಗೊತ್ತಿರಬೇಕಲ್ಲ" ಎಂದ. ಗೊತ್ತಿರಲಿಲ್ಲ. ಪ್ರಯೋಗ ಮುಗಿದು ಒಂಬತ್ತು ವರ್ಷದ ಮೇಲೆ ಅಕ್ಕ 27 ಅಂಕ ಪಡೆದಿದ್ದಳು.

ಅದೇ ವರ್ಷಗಳಲ್ಲಿ ಕರ್ನಾಟಕದ ಗಮನ ಬೇರೊಂದು ಪ್ರಶ್ನೆಯ ಮೇಲಿತ್ತು. ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಯಾವುದಾಗಬೇಕು? ವಿ. ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ ವರದಿ ಕೊಟ್ಟಿತು, 1982ರಲ್ಲಿ ಚಳವಳಿ ನಡೆಯಿತು, ರಾಜ್‌ಕುಮಾರ್ ಬೀದಿಗಿಳಿದರು. ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದ ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಅದೇ ಕೇಂದ್ರ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ, ನನಗೂ ಕಾಣುವುದಿಲ್ಲ. ನಂತರ 1994ರಲ್ಲಿ ನಾಲ್ಕನೇ ತರಗತಿಯ ತನಕ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂಬ ಆದೇಶ, ಅದರ ಮೇಲೆ ಇಪ್ಪತ್ತು ವರ್ಷದ ವ್ಯಾಜ್ಯ, 2014ರ ಮೇ ತಿಂಗಳಲ್ಲಿ ಸರಕಾರ ಮಾಧ್ಯಮವನ್ನು ಹೇರುವಂತಿಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪು. ನಡುವೆ 2007ರಲ್ಲಿ ಇಂಗ್ಲಿಷ್ ಒಂದು ಭಾಷೆಯಾಗಿ ಒಂದನೇ ತರಗತಿಗೇ ಬಂತು. ಯಾವ ಸ್ಥಾನ, ಯಾವ ಮಾಧ್ಯಮ, ಯಾವ ತರಗತಿ ಎಂಬ ಮೂರು ಪ್ರಶ್ನೆಗೆ ನಲವತ್ತು ವರ್ಷ ಕಾದಾಡಿದೆವು. ಹೇಗೆ ಕಲಿಸಬೇಕು ಎಂಬ ನಾಲ್ಕನೆಯ ಪ್ರಶ್ನೆಗೆ ಮೆರವಣಿಗೆ ಹೊರಡಲಿಲ್ಲ. ನನ್ನ ಅಕ್ಕನನ್ನು ನಿಲ್ಲಿಸಿದ್ದು ಆ ನಾಲ್ಕನೆಯ ಪ್ರಶ್ನೆ.

ನಾನು 2006ರಲ್ಲಿ ದುಬೈಗೆ ಬಂದೆ. ಮೊದಲ ವರ್ಷ ಕಂಪನಿಯ ದಾಸ್ತಾನಿನ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪು ಕಂಡುಹಿಡಿದೆ. ಎರಡು ಪುಟದ ಟಿಪ್ಪಣಿ ಬರೆದೆ, ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಮೀಟಿಂಗಿನಲ್ಲಿ ವಿವರಿಸು ಎಂದಾಗ ಮಾತ್ರ ಬಾಯಿ ಕಟ್ಟಿತು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಕರ್ಮಣಿಗೆ ತಿರುಗಿಸಿ, ಕಾಲ ಸರಿಯಿದೆಯೇ ಎಂದು ನೋಡುವಷ್ಟರಲ್ಲಿ ಪಕ್ಕದವನು ನನ್ನ ಟಿಪ್ಪಣಿಯನ್ನೇ ನೋಡಿ ಹೇಳಿ ಮುಗಿಸಿದ್ದ. ಆ ರಾತ್ರಿ ಕರಾಮದ ಬೆಡ್‌ಸ್ಪೇಸಿನಲ್ಲಿ ಮಲಗಿ, ಅಕ್ಕನ ಬೀಡಿ ಮಜೂರಿಯ ಲೆಕ್ಕ ಹಾಕುತ್ತ ತುಂಬ ಹೊತ್ತು ಎಚ್ಚರವಿದ್ದೆ.

ಆಮೇಲೆ ಮಾತು ಬಂತು. ಟ್ಯಾಕ್ಸಿಯವರ ಜೊತೆ, ಫಿಲಿಪ್ಪೀನ್ಸಿನ ರಿಸೆಪ್ಷನಿಸ್ಟ್ ಜೊತೆ, ಈಜಿಪ್ಟಿನ ಆಡಿಟರ್ ಜೊತೆ, ಯಾರ ತಾಯಿಭಾಷೆಯೂ ಅಲ್ಲದ ಇಂಗ್ಲಿಷಿನಲ್ಲಿ ಕೆಲಸ ಆಗಲೇಬೇಕಾದಾಗ ಬಂತು. ಪ್ರಭು ಅವರ ರೈಲ್ವೆ ವೇಳಾಪಟ್ಟಿ ನನಗೆ ಸಿಕ್ಕಿದ್ದು ಇಲ್ಲಿ. ಆದರೂ ಹೈಸ್ಕೂಲಿನ ಇಂಗ್ಲಿಷನ್ನು ಪೂರ್ತಿ ನಷ್ಟದ ಖಾತೆಗೆ ಬರೆಯಲಾರೆ. 2018ರಲ್ಲಿ ಇಲ್ಲಿ ವ್ಯಾಟ್ ಬಂದಾಗ, 2023ರಲ್ಲಿ ಕಾರ್ಪೊರೇಟ್ ತೆರಿಗೆ ಬಂದಾಗ, ಕಾನೂನಿನ ಒಂದೊಂದು ವಾಕ್ಯವನ್ನೂ ಬಿಡಿಸಿ ಕರ್ತೃ ಯಾರು, ಕ್ರಿಯೆ ಯಾವುದು, ಷರತ್ತು ಎಲ್ಲಿದೆ ಎಂದು ನೋಡುವ ಅಭ್ಯಾಸ ನೆರವಿಗೆ ಬಂತು. ಅದು ನಮ್ಮ ಮಾಸ್ಟ್ರು ಕೊಟ್ಟದ್ದು.

ಇನ್ನು ಮಗಳ ವಿಷಯ. ಹೆಂಡತಿ ಶಿವಮೊಗ್ಗದವಳಾದ್ದರಿಂದ ನಮ್ಮ ಮನೆಯ ಭಾಷೆ ಕನ್ನಡ. ಆದರೆ ನಾವು ಕನ್ನಡದಲ್ಲಿ ಕೇಳಿದರೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಅವಳ ಶಾಲೆಯಲ್ಲಿ ಇಂಗ್ಲಿಷ್, ಅರೇಬಿಕ್, ಹಿಂದಿ ಇವೆ, ಕನ್ನಡ ಇಲ್ಲ. ಅದಕ್ಕೆ ನಾನೇ ವಾರಕ್ಕೊಮ್ಮೆ ಪಾಠ ಶುರು ಮಾಡಿದೆ. ಮೊದಲು ಶುಕ್ರವಾರ, 2022ರಲ್ಲಿ ಇಲ್ಲಿನ ವಾರದ ರಜೆ ಬದಲಾದ ಮೇಲೆ ಭಾನುವಾರ. ಊರಿನಿಂದ ಪಠ್ಯಪುಸ್ತಕ ತರಿಸಿ, ಒಂದು ಸಾಲು ಓದಿ ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ಕಾಪಿ ಬರೆಸಿದೆ. ಉಕ್ತಲೇಖನ ಕೊಟ್ಟು ಅಂಕ ಹಾಕಿದೆ. ಒಂದು ಭಾನುವಾರ ಅವಳ ಪುಸ್ತಕ ನೋಡಿದರೆ, ಕನ್ನಡ ಪದಗಳ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಇಂಗ್ಲಿಷ್ ಅರ್ಥ ಬರೆದುಕೊಂಡಿದ್ದಳು. ನನ್ನ ಎಂಟನೇ ಕ್ಲಾಸಿನ ಪುಸ್ತಕವನ್ನೇ ತಿರುವಿಹಾಕಿ ನೋಡಿದಂತಾಯಿತು. ನಾನು ದೂರುತ್ತ ಬಂದ ಪಾಠವನ್ನೇ, ಭಾಷೆ ಬದಲಿಸಿ, ನನ್ನ ಮಗಳಿಗೆ ಮಾಡುತ್ತಿದ್ದೆ.

ದಾರಿ ತೋರಿಸಿದ್ದು ಅಕ್ಕ. ಅವಳಿಗೆ ಯಾವ ಪ್ರಯೋಗದ ಹೆಸರೂ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಮಾತಾಡುವಾಗ ಮಗಳು ನೀರುದೋಸೆ ಮಾಡಬೇಕೆಂದಳು. "ನಾನು ಹೇಳ್ತೇನೆ ಮಗಾ, ನೀನು ಬರ್ಕೊ" ಎಂದು ಅಕ್ಕ ಕನ್ನಡದಲ್ಲಿ ಶುರು ಮಾಡಿದಳು. ಮಗಳು ಕನ್ನಡದಲ್ಲೇ ಬರೆದುಕೊಂಡಳು, ಯಾಕೆಂದರೆ ಅತ್ತೆಗೆ ಓದಿ ತೋರಿಸಬೇಕಿತ್ತು. "ಅಕ್ಕಿ ನೆನೆಸು" ಎಂದದ್ದನ್ನು ಇವಳು ನೆನಪಿನ ಜೊತೆ ಸೇರಿಸಿ, ಅಕ್ಕಿಯನ್ನು ಮರೆಯಬಾರದು ಎಂದು ಅರ್ಥ ಮಾಡಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಒಣ ಅಕ್ಕಿಯನ್ನು ಮಿಕ್ಸಿಗೆ ಹಾಕಿದಾಗ ಮನೆಯೆಲ್ಲ ಗರಗರ. ಅತ್ತೆಗೆ ಫೋನು ಹೋಯಿತು. ಇಬ್ಬರೂ ನಕ್ಕರು. 'ನೆನೆಸು' ಎಂಬ ಪದವನ್ನು ಅವಳು ಇನ್ನು ಮರೆಯುವುದಿಲ್ಲ.

ಈಗ ಭಾನುವಾರದ ಪಾಠ ಅಕ್ಕನದ್ದು. ಅಂಕ ಇಲ್ಲ. ಹಿಟ್ಟು ದಪ್ಪವಾದರೆ ದೋಸೆ ಕಾವಲಿ ಬಿಟ್ಟು ಏಳುವುದಿಲ್ಲ, ಅಷ್ಟೇ ಪರೀಕ್ಷೆ. ಕಳೆದ ತಿಂಗಳು ಮಗಳು ಅವಳನ್ನು ಕೇಳಿದಳು: "ಅತ್ತೆ, ನಿಮಗೆ ನಾನು ಇಂಗ್ಲಿಷ್ ಹೇಳಿಕೊಡ್ಲಾ?" ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅಕ್ಕ ಹೇಳಿದಳು, "ಆಯ್ತು. ಆದರೆ ಪರೀಕ್ಷೆ ಬೇಡ."